ಬ್ಲಾಕ್‌ಹ್ಯಾಟ್ ಕೊನೆಗೂ ನೋಡಿದೆ: ಕಂಪ್ಯೂಟರ್ ಎಲ್ಲ ಸರಿ, ಸಿನಿಮಾನೇ ಕೆಟ್ಟಿದೆ

ಕಾಫಿಪುಡಿ:
ಹತ್ತು ವರ್ಷದಿಂದ ನೋಡಬೇಕು ನೋಡಬೇಕು ಅಂತ ಮುಂದೂಡುತ್ತಿದ್ದ ಸಿನಿಮಾ. ಮೊನ್ನೆ ಶನಿವಾರ ರಾತ್ರಿ ಮಕ್ಕಳು ಮಲಗಿದ ಮೇಲೆ ಒಂದು ಬಟ್ಟಲು ಚುರುಮುರಿ ಮಾಡಿಕೊಂಡು ಕೂತೆ. ಚುರುಮುರಿ ಚೆನ್ನಾಗಿತ್ತು.

ಕಥೆ ಪೂರ್ತಿ ಬಿಚ್ಚಿಡುತ್ತೇನೆ. ನೋಡಬೇಕು ಅಂತಿರುವವರು ಈ ಸ್ಟಾಪಿನಲ್ಲೇ ಇಳಿದುಕೊಳ್ಳಿ.

ಹಾಂಗ್‌ಕಾಂಗ್‌ನ ಒಂದು ಅಣುಸ್ಥಾವರಕ್ಕೆ ಯಾರೋ ನೆಟ್‌ನಿಂದಲೇ ನುಗ್ಗಿ, ತಂಪು ನೀರಿನ ಪಂಪುಗಳನ್ನು ಹದ್ದುಮೀರಿ ಓಡಿಸಿ ಒಡೆದು ಹಾಕುತ್ತಾರೆ. ಆಮೇಲೆ ಶಿಕಾಗೋದ ಪೇಟೆಗೆ ನುಗ್ಗಿ ಸೋಯಾ ಬೆಲೆ ಏರಿಸುತ್ತಾರೆ. ಚೀನಾ ಸೇನೆಯ ಸೈಬರ್ ಅಧಿಕಾರಿಯೊಬ್ಬನಿಗೆ ಆ ಕೋಡ್ ನೋಡಿದ ಕೂಡಲೇ ಗುರುತು ಸಿಗುತ್ತದೆ. ಅದರ ಒಂದು ಭಾಗವನ್ನು ಕಾಲೇಜಿನಲ್ಲಿ ತಾನೂ ಗೆಳೆಯನೂ ಸೇರಿ ಬರೆದದ್ದು! ಆ ಗೆಳೆಯ ಅಮೆರಿಕದ ಜೈಲಿನಲ್ಲಿದ್ದಾನೆ. ಅವನನ್ನು ಬಿಡಿಸಿ ತರುತ್ತಾರೆ. ಅವನೇ ಕ್ರಿಸ್ ಹೆಮ್ಸ್‌ವರ್ತ್. ಥಾರ್ ಮೈಕಟ್ಟಿನ ಹ್ಯಾಕರ್. ಆಗಲಿ, ಜೈಲಿನಲ್ಲಿ ದಂಡ ಹೊಡೆದಿರಬಹುದು ಅಂತ ಒಪ್ಪಿಕೊಂಡೆ.

ನನಗೆ ಸಿಟ್ಟು ಬಂದದ್ದು ಬೇರೆ ಕಾರಣಕ್ಕೆ. ಕಂಪ್ಯೂಟರ್ ವಿಷಯದಲ್ಲಿ ಇಷ್ಟು ಮರ್ಯಾದೆಯಿಂದ ನಡೆದುಕೊಂಡ ಇನ್ನೊಂದು ದೊಡ್ಡ ಸಿನಿಮಾ ನಾನು ನೋಡಿಲ್ಲ. ಮೂರು ಕೀ ಕುಟ್ಟಿ "ಒಳಗೆ ಹೋದೆ" ಅನ್ನುವುದಿಲ್ಲ. ತಿರುಗುವ ಹಸಿರು ಅಕ್ಷರಗಳ ಮಳೆ ಇಲ್ಲ. ಕಪ್ಪು ಪರದೆಯಲ್ಲಿ ನಾವು ದಿನಾ ಹೊಡೆಯುವಂಥ ಕಮಾಂಡ್‌ಗಳೇ ಇವೆ. ಹಿಂದೆ ಹ್ಯಾಕಿಂಗ್ ಮಾಡಿ ಜೈಲು ಕಂಡು, ಆಮೇಲೆ ಪತ್ರಕರ್ತರಾದ ಕೆವಿನ್ ಪೌಲ್ಸನ್ ಅವರ ಸಲಹೆ ಪಡೆದಿದ್ದರಂತೆ. ಅಷ್ಟೆಲ್ಲ ಮಾಡಿ, ಅರ್ಧ ದಾಟಿದ ಮೇಲೆ ಎಲ್ಲ ಬಿಟ್ಟು ಬಂದೂಕು ಹಿಡಿದರು. ಕೊನೆಗೆ ನಾಯಕ ಓದುವ ಮ್ಯಾಗಜೀನ್‌ಗಳನ್ನೇ ಗುರಾಣಿಯ ಹಾಗೆ ಎದೆಗೆ ಕಟ್ಟಿಕೊಂಡು, ಸ್ಕ್ರೂಡ್ರೈವರ್ ಹಿಡಿದು ಖಳನನ್ನು ಚುಚ್ಚುತ್ತಾನೆ. ಇಂಟರ್ನೆಟ್ ಅಪರಾಧದ ಸಿನಿಮಾ ಕಣ್ರೀ ಇದು!

2 ಗಂಟೆ 13 ನಿಮಿಷದಲ್ಲಿ ನನಗೆ ನಿಜವಾಗಿ ಮೈ ಜುಂ ಅಂದದ್ದು ಎರಡೇ ಕಡೆ. ಎರಡರಲ್ಲೂ ಯಾರೂ ಯಾರನ್ನೂ ಹೊಡೆಯುವುದಿಲ್ಲ. ನೋಡಿದವರು ಯಾವುದಿರಬಹುದು ಹೇಳಿ ನೋಡೋಣ.

ಹಳೇ ಮೋಡೆಮ್:
ನೂರಕ್ಕೆ ನೂರು. ನಾನು ಬಂದಾಗಲೇ ನೋಡಿದ್ದೆ, 2015ರ ಜನವರಿ. ಖಳನ ಹೆಸರು ಸಡಕ್. ಹಿಂದಿ ಬಲ್ಲ ಪಕ್ಕದವನು "ರಸ್ತೆ, ರಸ್ತೆ" ಅಂತ ನಗುತ್ತಲೇ ಇದ್ದ. ಆ ರಸ್ತೆಯ ಮುಖ ಕಾಣುವ ಹೊತ್ತಿಗೆ ನನಗೆ ಮನೆಗೆ ಹೋಗುವ ರಸ್ತೆ ಸಾಕಾಗಿತ್ತು.

7 ಕೋಟಿ ಡಾಲರ್ ಖರ್ಚು ಮಾಡಿದ ಸಿನಿಮಾ, ಇಡೀ ಪ್ರಪಂಚದಲ್ಲಿ ಸೇರಿ ಸುಮಾರು 2 ಕೋಟಿ ಡಾಲರ್ ತಂದಿತು. ಇದಕ್ಕಿಂತ ಸೋಯಾ ಮೇಲೆ ಹಾಕಿದ್ದರೆ ಬರುತ್ತಿತ್ತು.

ಮೂರನೇ ಸಾಲು:
ಎಲ್ಲರೂ ಬೈಯುತ್ತಿದ್ದೀರಿ, ಒಬ್ಬನಾದರೂ ಎದ್ದು ನಿಲ್ಲಬೇಕಲ್ಲ.

ಇದರ ನಿರ್ದೇಶಕ ಮೈಕೆಲ್ ಮಾನ್. ಅವರ ಸಿನಿಮಾಕ್ಕೆ ಕಥೆ ಕೇಳಲು ಹೋಗಬಾರದು. ರಾತ್ರಿ ನೋಡಲು ಹೋಗಬೇಕು. ಊರಿನ ದೀಪ, ಒದ್ದೆ ರಸ್ತೆ, ಗಾಜಿನಾಚೆ ಒಬ್ಬ ಮನುಷ್ಯ. 2004ರ ಕೊಲ್ಯಾಟರಲ್‌ನಲ್ಲಿ ಡಿಜಿಟಲ್ ಕ್ಯಾಮೆರಾ ಹಿಡಿದು ಲಾಸ್ ಏಂಜಲೀಸ್‌ನ ರಾತ್ರಿ ಆಕಾಶಕ್ಕೆ ಒಂದು ಕಿತ್ತಳೆ ಬಣ್ಣ ತಂದವರು ಅವರು. ಇಲ್ಲಿ ಹಾಂಗ್‌ಕಾಂಗ್ ನೋಡಿ. ಕಂಟೇನರ್‌ಗಳ ನಡುವೆ ಗುಂಡು ಹಾರುವಾಗ ಸದ್ದು ಕೇಳಿ. ಬೇರೆಯವರ ಸಿನಿಮಾದಲ್ಲಿ ಗುಂಡಿನ ಸದ್ದು ದೀಪಾವಳಿ, ಇವರ ಸಿನಿಮಾದಲ್ಲಿ ಕಬ್ಬಿಣ.

ಇನ್ನೊಂದು ಮಾತು. ನೀವು ನೋಡಿದ್ದು ಥಿಯೇಟರ್ ಆವೃತ್ತಿ. 2016ರಲ್ಲಿ ಮಾನ್ ತಾವೇ ಮರುಜೋಡಿಸಿದ ಆವೃತ್ತಿಯನ್ನು ನ್ಯೂಯಾರ್ಕ್‌ನಲ್ಲಿ ತೋರಿಸಿದರು. ಅದರಲ್ಲಿ ಸೋಯಾ ಪೇಟೆಯ ದಾಳಿ ಮೊದಲು ಬರುತ್ತದೆ, ಅಣುಸ್ಥಾವರ ಮಧ್ಯಕ್ಕೆ ಹೋಗಿದೆ. ಸಣ್ಣ ಕಳ್ಳತನ ಮೊದಲು, ದೊಡ್ಡದು ಆಮೇಲೆ. ಅಷ್ಟರಿಂದಲೇ ಸಿನಿಮಾ ಏರುವ ರೀತಿ ಬೇರೆ ಆಗುತ್ತದೆ. ಸ್ಥಾವರ ಒಡೆದ ಮೇಲೆ ಸೋಯಾ ಬೆಲೆ ತೋರಿಸಿದರೆ, ಊಟ ಆದಮೇಲೆ ಉಪ್ಪಿನಕಾಯಿ ಬಡಿಸಿದ ಹಾಗೆ ಅಲ್ವಾ?

ಮೊದಲ ದೃಶ್ಯವನ್ನು ಯಾರೂ ಹೇಳಲಿಲ್ಲ. ಕ್ಯಾಮೆರಾ ತಂತಿಯೊಳಗೆ ಇಳಿದು, ಚಿಪ್‌ನೊಳಗೆ ಇಳಿದು, ಬೆಳಕಿನ ಚುಕ್ಕಿಗಳ ಹಿಂದೆ ಓಡುತ್ತದಲ್ಲ, ಅದು?

ಹಳೇ ಮೋಡೆಮ್:
ಇರುವೆ ಸಾಲಿನ ಹಿಂದೆ ಟಾರ್ಚ್ ಹಿಡಿದು ಹೋದ ಹಾಗಿತ್ತು. ಮೊದಲ ಒಂದು ನಿಮಿಷ ಚೆನ್ನಾಗಿತ್ತು. ಆಮೇಲೂ ಇರುವೆ.

ಕಾಫಿಪುಡಿ:
ಮೂರನೇ ಸಾಲು ಅವರೇ, ಸದ್ದಿನ ವಿಷಯ ಒಪ್ಪಿದೆ. ಮರುಜೋಡಿಸಿದ ಆವೃತ್ತಿಯ ವಿಷಯವೂ ಅರ್ಥವಾಯಿತು. ಆದರೆ ಕ್ರಮ ಬದಲಿಸಿದರೆ ಮನುಷ್ಯರು ಹುಟ್ಟುತ್ತಾರಾ? ಮಾನ್ ಅವರದೇ ಹೀಟ್ ಸಿನಿಮಾದಲ್ಲಿ ಪೊಲೀಸೂ ಕಳ್ಳನೂ ಎದುರುಬದುರು ಕೂತು ಕಾಫಿ ಕುಡಿಯುತ್ತಾರಲ್ಲ, ಇಬ್ಬರ ಸಂಸಾರವೂ ಆ ಮೇಜಿನ ಮೇಲೆ ಬಂದು ಕೂರುತ್ತದೆ. ಇಲ್ಲಿ ಹೆಮ್ಸ್‌ವರ್ತ್ ಮತ್ತು ಆ ಚೀನೀ ಅಧಿಕಾರಿಯ ತಂಗಿಯಾದ ತಾಂಗ್ ವೇ ಪ್ರೀತಿಸುತ್ತಾರೆ ಅಂತ ನಮಗೆ ತಿಳಿಯುವುದು ಅವರು ಪ್ರೀತಿಸಿ ಆದಮೇಲೆ. ಎಫ್‌ಬಿಐ ಅಧಿಕಾರಿಯಾದ ವಯೋಲಾ ಡೇವಿಸ್ ಒಬ್ಬರು ಮುಖದಲ್ಲೇ ಒಂದು ಜೀವನ ತಂದುಕೊಟ್ಟಿದ್ದಾರೆ. ಅವರನ್ನೂ ನಡುಬೀದಿಯಲ್ಲಿ ಕೊಂದು ಮುಂದೆ ಹೋದರು.

ರಾತ್ರಿಪಾಳಿ:
ತಡವಾಗಿ ಬಂದೆ, ಪಾಳಿ ಮುಗಿಯಿತು. ನಾನು ಸಕ್ಕರೆ ಕಾರ್ಖಾನೆಯಲ್ಲಿ ಇನ್‌ಸ್ಟ್ರುಮೆಂಟೇಶನ್ ನೋಡಿಕೊಳ್ಳುವವನು. ಪಂಪು, ವಾಲ್ವು, ಪಿಎಲ್‌ಸಿ, ಇವೇ ನನ್ನ ಬಂಧುಬಳಗ. ಹಾಗಾಗಿ ಆ ಪಂಪಿನ ದೃಶ್ಯವನ್ನು ನಾನು ಮೂರು ಸಲ ನೋಡಿದ್ದೇನೆ.

ಅದನ್ನು ಗಾಳಿಯಿಂದ ಹುಟ್ಟಿಸಿದ್ದಲ್ಲ. 2010ರಲ್ಲಿ ಸಿಕ್ಕಿಬಿದ್ದ ಸ್ಟಕ್ಸ್‌ನೆಟ್ ಅನ್ನುವ ಕಂಪ್ಯೂಟರ್ ಹುಳ ಅದರ ಅಪ್ಪ. ಇರಾನಿನ ನತಾಂಜ್‌ನಲ್ಲಿ ಯುರೇನಿಯಂ ಸಂವರ್ಧನೆ ಮಾಡುವ, ಭಾರಿ ವೇಗದಲ್ಲಿ ತಿರುಗುವ ಸೆಂಟ್ರಿಫ್ಯೂಜ್ ಯಂತ್ರಗಳಿದ್ದವು. ಅವನ್ನು ನಡೆಸುತ್ತಿದ್ದ ಸೀಮೆನ್ಸ್ ಪಿಎಲ್‌ಸಿಗಳನ್ನೇ ಹುಡುಕಿಕೊಂಡು ಹೋದ ಹುಳ ಅದು. ಅಲ್ಲಿ ಮೋಟಾರ್ 1,064 ಹರ್ಟ್ಸ್‌ನಲ್ಲಿ ಓಡಬೇಕು. ಹುಳ ಅದನ್ನು 1,410ಕ್ಕೆ ಏರಿಸಿ, ಇನ್ನೊಮ್ಮೆ 2ಕ್ಕೆ ಇಳಿಸಿ, ಮತ್ತೆ ಮಾಮೂಲಿಗೆ ತಂದು ಬಿಡುತ್ತಿತ್ತು. ವಾರಗಟ್ಟಲೆ ಸುಮ್ಮನಿದ್ದು ಮತ್ತೆ ಅದೇ ಆಟ. ನನಗೆ ಹೊಟ್ಟೆ ತೊಳಸಿದ್ದು ಬೇರೆ ವಿಷಯಕ್ಕೆ. ಕಂಟ್ರೋಲ್ ರೂಮಿನ ಪರದೆಗೆ ಅದು ಹಳೆಯ, ಸರಿಯಾಗಿದ್ದಾಗಿನ ಅಂಕಿಗಳನ್ನೇ ತೋರಿಸುತ್ತಿತ್ತು. ಅಲ್ಲಿ ಕೂತ ಆಪರೇಟರ್ ನನ್ನ ಹಾಗೇ ಒಬ್ಬ. ಯಂತ್ರ ಒಂದರ ಮೇಲೊಂದು ಕೆಡುತ್ತಿವೆ, ಪರದೆ ಎಲ್ಲ ಚೆನ್ನಾಗಿದೆ ಅನ್ನುತ್ತಿದೆ. ಅವನು ಯಾರನ್ನು ನಂಬಬೇಕು? ಮೇಲಿನವರು ಅವನನ್ನೇ ಬೈದಿರುತ್ತಾರೆ, ಬರೆದಿಟ್ಟುಕೊಳ್ಳಿ. ಆ ಆಪರೇಟರ್‌ನ ಮೇಲೆ ಒಂದು ಸಿನಿಮಾ ಮಾಡಿದರೆ ಟಿಕೆಟ್ ನಾನೇ ತಗೋತೀನಿ, ಇಬ್ಬರಿಗೂ.

ಸಿನಿಮಾದಲ್ಲಿ ಪಂಪು ಕೆಲವೇ ಕ್ಷಣಗಳಲ್ಲಿ ಸಿಡಿಯುತ್ತದೆ. ನಿಜ ಜೀವನದಲ್ಲಿ ಅಷ್ಟು ಬೇಗ ಆಗುವುದಿಲ್ಲ. ಪಂಪು ತನ್ನ ವೇಗ ಮೀರಿದರೆ ಮೊದಲು ಸದ್ದು ಬದಲಾಗುತ್ತದೆ. ಒಳಗೆ ಜಲ್ಲಿಕಲ್ಲು ಬಿದ್ದ ಹಾಗೆ ಗರಗರ ಅನ್ನುತ್ತದೆ. ಆಮೇಲೆ ನಡುಕ, ಬೇರಿಂಗ್ ಬಿಸಿ, ಟ್ರಿಪ್. ಅಣುಸ್ಥಾವರದಲ್ಲಂತೂ ರಿಯಾಕ್ಟರ್ ನಿಲ್ಲಿಸುವ ವ್ಯವಸ್ಥೆಯೇ ಬೇರೆ ಇರುತ್ತದೆ, ಮಾಮೂಲಿ ಕಂಟ್ರೋಲ್‌ಗೆ ಕಟ್ಟಿ ಹಾಕಿರುವುದಿಲ್ಲ. ಇದು ತಪ್ಪು ಹುಡುಕಲು ಹೇಳಿದ್ದಲ್ಲ. ಆ ಗರಗರ ಸದ್ದನ್ನು ಒಂದು ನಿಮಿಷ ಕೇಳಿಸಿದ್ದರೆ ಥಿಯೇಟರ್‌ನಲ್ಲಿ ಯಾರೂ ಪಾಪ್‌ಕಾರ್ನ್ ಮುಟ್ಟುತ್ತಿರಲಿಲ್ಲ. ಅಷ್ಟು ತಾಳ್ಮೆ ಇರಲಿಲ್ಲ ಅವರಿಗೆ.

ಪುಟ್ಟಕ್ಕ:
ಪಿಎಲ್‌ಸಿ ಅಂದರೆ ಏನು ಅಂತ ನನ್ನಂಥವರಿಗೂ ಹೇಳಿಬಿಡಿ. ನಾನು ಸಿನಿಮಾನೂ ನೋಡಿಲ್ಲ, ಸುಮ್ನೆ ಓದ್ತಾ ಇದ್ದೀನಿ.

ರಾತ್ರಿಪಾಳಿ:
ಕಾರ್ಖಾನೆಯ ಸಣ್ಣ ಗಟ್ಟಿ ಕಂಪ್ಯೂಟರ್ ಅಕ್ಕ. "ನೀರು ಇಷ್ಟು ಬಂದರೆ ಆ ವಾಲ್ವು ಮುಚ್ಚು, ಬಿಸಿ ಇಷ್ಟಾದರೆ ಈ ಮೋಟಾರ್ ನಿಲ್ಲಿಸು" ಅಂತ ಹೇಳಿಕೊಟ್ಟರೆ ಹಗಲು ರಾತ್ರಿ ಅದನ್ನೇ ಮಾಡುತ್ತದೆ. ಪ್ರಶ್ನೆ ಕೇಳುವುದಿಲ್ಲ. ತೊಂದರೆಯೂ ಅದೇ.

ನಮ್ಮ ದೇಶದಲ್ಲೂ ಹತ್ತಿರ ಬಂದಿತ್ತು. 2019ರ ಅಕ್ಟೋಬರ್‌ನಲ್ಲಿ ತಮಿಳುನಾಡಿನ ಕೂಡಂಕುಳಂ ಅಣುಸ್ಥಾವರದ ವಿಷಯ ಬಂದಾಗ ಮೊದಲು ಏನೂ ಇಲ್ಲ ಅಂದರು. ಮರುದಿನ ಒಂದು ಕಂಪ್ಯೂಟರ್‌ನಲ್ಲಿ ಮಾಲ್‌ವೇರ್ ಸಿಕ್ಕಿದ್ದು ನಿಜ ಅಂತ ಒಪ್ಪಿಕೊಂಡರು. ಆದರೆ ಅದು ಆಡಳಿತದ ನೆಟ್‌ವರ್ಕ್‌ನದು, ಸ್ಥಾವರ ನಡೆಸುವ ಕಡೆಗೂ ಅದಕ್ಕೂ ಸಂಪರ್ಕ ಇಲ್ಲ ಅಂತ ಹೇಳಿದರು.

ಜೋಳದರೊಟ್ಟಿ:
ಕಾಫಿಪುಡಿ ಅವರ ಒಗಟಿಗೆ ಉತ್ತರ ನನ್ನ ಹತ್ತಿರ ಇದೆ. ಒಂದು, ಪಿಡಿಎಫ್. ಎರಡು, ಕಾಫಿ ಚೆಲ್ಲಿದ್ದು. ಸರೀನಾ?

ನೋಡದವರಿಗೆ ಹೇಳುತ್ತೇನೆ. ಸ್ಥಾವರದಿಂದ ತಂದ ಹಾರ್ಡ್ ಡಿಸ್ಕ್ ಹಾಳಾಗಿರುತ್ತದೆ. ಅದನ್ನು ಓದಬಲ್ಲ ಸಾಫ್ಟ್‌ವೇರ್ ಇರುವುದು ಅಮೆರಿಕದ ಗುಪ್ತಚರ ಸಂಸ್ಥೆ ಎನ್‌ಎಸ್‌ಎ ಬಳಿ. ಅವರು ಕೊಡುವುದಿಲ್ಲ. ಆಗ ಹೆಮ್ಸ್‌ವರ್ತ್ ಅಲ್ಲಿನ ಒಬ್ಬನಿಗೆ ಮೇಲಧಿಕಾರಿಯ ಹೆಸರಿನಲ್ಲಿ ಒಂದು ಮೇಲ್ ಕಳಿಸುತ್ತಾನೆ. ಪಾಸ್‌ವರ್ಡ್ ಬದಲಿಸಿ, ನಿಯಮಗಳು ಲಗತ್ತಿಸಿದ ಪಿಡಿಎಫ್‌ನಲ್ಲಿವೆ. ಅವನು ಪಿಡಿಎಫ್ ತೆರೆಯುತ್ತಾನೆ. ವಿಧೇಯನಾಗಿ ಪಾಸ್‌ವರ್ಡ್ ಬದಲಿಸುತ್ತಾನೆ. ಒತ್ತಿದ ಒಂದೊಂದು ಕೀಲಿಯೂ ಈ ಕಡೆ ಕಾಣುತ್ತದೆ. ಭದ್ರತೆಯ ಸೂಚನೆ ಪಾಲಿಸಿದ್ದಕ್ಕೇ ಅವನು ಬೀಳುತ್ತಾನೆ. ಆಹಾ!

ಇನ್ನೊಂದು ಬ್ಯಾಂಕಿನಲ್ಲಿ. ತಾಂಗ್ ವೇ ಬೇಕಂತಲೇ ಕಾಫಿ ಚೆಲ್ಲಿದ ಕಾಗದ ಹಿಡಿದು ಬರುತ್ತಾಳೆ. ಮೀಟಿಂಗ್‌ಗೆ ಬೇಕು, ಹಾಳಾಗಿಹೋಯಿತು, ಈ ಪೆನ್ ಡ್ರೈವ್‌ನಿಂದ ಒಂದು ಪ್ರಿಂಟ್ ತೆಗೆದುಕೊಡ್ತೀರಾ ಅಂತ ಬಾಗಿಲ ಬಳಿಯ ಮೇಜಿನವನನ್ನು ಕೇಳುತ್ತಾಳೆ. ಅವನು ತೆಗೆದುಕೊಡುತ್ತಾನೆ. ಅಷ್ಟೇ. ಬ್ಯಾಂಕಿನ ಬಾಗಿಲು ತೆರೆಯಿತು. ಮುಂದೆ ಖಳನ ಖಾತೆಯೇ ಬರಿದು.

ನಾನು ಇಪ್ಪತ್ತು ವರ್ಷ ಬ್ಯಾಂಕಿನ ಐಟಿ ಕಡೆ ದುಡಿದವನು. ಅದಕ್ಕೇ ಮುಂದಿನ ಮಾತು ಹೇಳದೆ ಇರಲಾರೆ. ಈ ಸಿನಿಮಾ ಬಿಡುಗಡೆಯಾದದ್ದು 2015ರ ಜನವರಿಯಲ್ಲಿ ಅಂದಿರಲ್ಲ? ಅದೇ ತಿಂಗಳು ಢಾಕಾದಲ್ಲಿ ಬಾಂಗ್ಲಾದೇಶ್ ಬ್ಯಾಂಕಿನ, ಅಂದರೆ ಅವರ ರಿಸರ್ವ್ ಬ್ಯಾಂಕಿನ, ಕೆಲವು ನೌಕರರಿಗೆ ಒಂದು ಮೇಲ್ ಬಂತು. ಕೆಲಸ ಹುಡುಕುತ್ತಿರುವವನದು. ತುಂಬಾ ವಿನಯ. ನನ್ನ ಬಯೋಡೇಟಾ ಇಲ್ಲಿದೆ, ದಯವಿಟ್ಟು ನೋಡಿ. ಯಾರೋ ಒಬ್ಬರಾದರೂ ನೋಡಿದರು.

ಒಳಗೆ ಬಂದವರು ಒಂದು ವರ್ಷ ಸದ್ದಿಲ್ಲದೆ ಕೂತರು. ನಾಲ್ಕು ತಿಂಗಳಾದ ಮೇಲೆ ಫಿಲಿಪೈನ್ಸ್‌ನ ಮನಿಲಾದಲ್ಲಿ ಒಂದು ಬ್ಯಾಂಕ್ ಶಾಖೆಯಲ್ಲಿ ತಲಾ 500 ಡಾಲರ್ ಇಟ್ಟು ಖಾತೆಗಳನ್ನು ತೆರೆಸಿದರು. ಆ ಖಾತೆಗಳೂ ತಣ್ಣಗೆ ಕಾದವು. 2016ರ ಫೆಬ್ರವರಿ 4, ಗುರುವಾರ ರಾತ್ರಿ, ಬಾಂಗ್ಲಾದೇಶ್ ಬ್ಯಾಂಕಿನ ಡಾಲರ್ ಖಾತೆ ಇದ್ದ ನ್ಯೂಯಾರ್ಕ್‌ನ ಫೆಡರಲ್ ರಿಸರ್ವ್‌ಗೆ ಹಣ ಕಳಿಸಿ ಅನ್ನುವ 35 ಆದೇಶ ಹೋದವು. ಒಟ್ಟು 95.1 ಕೋಟಿ ಡಾಲರ್. ದಿನ ಆರಿಸಿದ ರೀತಿ ನೋಡಿ. ಢಾಕಾದಲ್ಲಿ ಶುಕ್ರವಾರ, ಶನಿವಾರ ರಜೆ. ಢಾಕಾದವರು ಎದ್ದು ನೋಡುವ ಹೊತ್ತಿಗೆ ನ್ಯೂಯಾರ್ಕ್‌ಗೆ ಶನಿವಾರ, ಭಾನುವಾರ ರಜೆ. ಸೋಮವಾರ ಮನಿಲಾದಲ್ಲಿ ಚೀನೀ ಹೊಸವರ್ಷದ ರಜೆ. ಮೂರು ಊರಿನ ಪಂಚಾಂಗ ನೋಡಿ ಮುಹೂರ್ತ ಇಟ್ಟಿದ್ದರು.

ಬ್ಯಾಂಕಿನ ಹತ್ತನೇ ಮಹಡಿಯಲ್ಲಿ ಒಂದು ಪ್ರಿಂಟರ್. ಆದೇಶಗಳೆಲ್ಲ ಅದರಲ್ಲಿ ತಾನಾಗಿ ಅಚ್ಚಾಗಿ ಬೀಳಬೇಕು. ಶುಕ್ರವಾರ ಬೆಳಗ್ಗೆ ನೋಡಿದರೆ ಕಾಗದವೇ ಬಂದಿಲ್ಲ. "ಪ್ರಿಂಟರ್ ಕೆಟ್ಟಿದೆ" ಅಂದುಕೊಂಡರು. ನಾನಿದ್ದರೂ ಹಾಗೇ ಅಂದುಕೊಳ್ಳುತ್ತಿದ್ದೆ, ಪ್ರಿಂಟರ್ ಕೆಡದ ಆಫೀಸ್ ಎಲ್ಲಿದೆ? ಅದು ಕೆಟ್ಟಿರಲಿಲ್ಲ, ಬಾಯಿ ಕಟ್ಟಿದ್ದರು.

ಉಳಿಸಿದ್ದು ಏನು ಗೊತ್ತಾ? ಮನಿಲಾದ ಆ ಶಾಖೆ ಇದ್ದದ್ದು ಜ್ಯೂಪಿಟರ್ ಅನ್ನುವ ಬೀದಿಯಲ್ಲಿ. ಅದೇ ಹೆಸರಿನ ಇರಾನಿ ಹಡಗೊಂದು ಅಮೆರಿಕದ ನಿಷೇಧ ಪಟ್ಟಿಯಲ್ಲಿತ್ತು. ಆ ಪದ ಕಂಡು ಯಂತ್ರ ತಡೆಯಿತು, ಹೆಚ್ಚಿನ ಆದೇಶಗಳು ನಿಂತವು. ಐದು ಮಾತ್ರ ದಾಟಿದವು, 10.1 ಕೋಟಿ ಡಾಲರ್. ಅದರಲ್ಲಿ 2 ಕೋಟಿ ಶ್ರೀಲಂಕಾದ ಒಂದು ಫೌಂಡೇಶನ್ನಿಗೆ ಹೊರಟಿತ್ತು. ಫೌಂಡೇಶನ್ ಅನ್ನುವ ಪದದ ಸ್ಪೆಲ್ಲಿಂಗ್ ತಪ್ಪಿತ್ತು, ಬ್ಯಾಂಕಿನವರೊಬ್ಬರಿಗೆ ಅನುಮಾನ ಬಂತು, ವಾಪಸ್. ಉಳಿದ 8.1 ಕೋಟಿ ಮನಿಲಾದ ಕ್ಯಾಸಿನೊಗಳ ಕಡೆ ಹೋಯಿತು. ಉತ್ತರ ಕೊರಿಯಾದ ಹ್ಯಾಕರ್‌ಗಳ ಕೆಲಸ ಅಂತ ಅಮೆರಿಕ ಆರೋಪ ಹೊರಿಸಿದೆ.

ಈಗ ಹೇಳಿ. ಇದರಲ್ಲಿ ಯಾರು ಯಾರಿಗೆ ಸ್ಕ್ರೂಡ್ರೈವರ್ ಚುಚ್ಚಿದರು?

ಕಾಫಿಪುಡಿ:
ಸರಿಯುತ್ತರ, ಎರಡೂ ಅವೇ. ಕಾಫಿ ವಿಷಯದಲ್ಲಿ ನನ್ನ ಹೆಸರಿನ ಮೇಲೆ ಅನುಮಾನ ಪಡಬೇಡಿ.

ಪ್ರಿಂಟರ್ ಕಥೆ ಓದಿ ತಲೆ ತಿರುಗಿತು. ಸಿನಿಮಾದಲ್ಲೂ ಪ್ರಿಂಟ್, ಅಲ್ಲೂ ಪ್ರಿಂಟ್.

ನನ್ನ ದೂರು ಈಗ ನನಗೇ ಸ್ವಲ್ಪ ಸ್ಪಷ್ಟವಾಯಿತು. ಸಿನಿಮಾದವರಿಗೆ ಸತ್ಯ ಗೊತ್ತಿತ್ತು. ಕಂಪ್ಯೂಟರ್ ಅಲ್ಲ, ಕೂತವನ ಒಳ್ಳೆಯತನವನ್ನು ಒಡೆಯಬೇಕು ಅಂತ ಗೊತ್ತಿತ್ತು. ಎರಡು ಕಡೆ ತೋರಿಸಿಯೂ ತೋರಿಸಿದರು. ಆದರೆ ಆ ಪ್ರಿಂಟ್ ಕೊಟ್ಟವನು ಆಮೇಲೆ ಏನಾದ? ಕೆಲಸ ಹೋಯಿತಾ? ಮನೆಗೆ ಹೋಗಿ ಏನು ಹೇಳಿದ? ಕ್ಯಾಮೆರಾ ಅವನ ಕಡೆ ತಿರುಗಲೇ ಇಲ್ಲ. ಚಿಪ್‌ನ ಒಳಗೆಲ್ಲ ಹೋಗಿಬಂದ ಕ್ಯಾಮೆರಾ ಅದು!

ಮೂರನೇ ಸಾಲು:
ಈ ಒಂದು ಮಾತಿಗೆ ನನ್ನ ಬಳಿ ಉತ್ತರ ಇಲ್ಲ. ಆದರೂ ಮರುಜೋಡಿಸಿದ ಆವೃತ್ತಿ ನೋಡಿ.

ಸರ್ಜಾಪುರ ಸಿಗ್ನಲ್:
ಸ್ವಾಮಿ, ಇದು ಸಿನಿಮಾ. ಆಫೀಸಿನ ಸೈಬರ್ ಭದ್ರತೆ ತರಬೇತಿ ವಿಡಿಯೋ ಅಲ್ಲ. ಆ ವಿಡಿಯೋಗಳಲ್ಲಿ ಪಿಡಿಎಫ್ ಬಿಟ್ಟು ಬೇರೇನೂ ಇರುವುದಿಲ್ಲ, ಯಾರಾದರೂ ಪೂರ್ತಿ ನೋಡಿದ್ದೀರಾ? ನಾನು ಎರಡು ಪಟ್ಟು ವೇಗದಲ್ಲಿ ಓಡಿಸಿ ಕೊನೆಯ ಪರೀಕ್ಷೆ ಬರೆಯುವವನು.

ನನಗೆ ಬೇಜಾರಾದದ್ದು ಖಳನ ಯೋಜನೆ. ಮಲೇಷ್ಯಾದ ಪೆರಾಕ್‌ನಲ್ಲಿ ಪ್ರವಾಹ ಎಬ್ಬಿಸಿ ತವರದ ಗಣಿಗಳನ್ನು ಮುಳುಗಿಸುವುದು, ಮೊದಲೇ ತವರದ ಮೇಲೆ ಪೇಟೆಯಲ್ಲಿ ದುಡ್ಡು ಹಾಕಿ ಲಾಭ ಹೊಡೆಯುವುದು. ಅಣುಸ್ಥಾವರ ಒಡೆದದ್ದು ಅಲ್ಲಿನ ಅದೇ ಬಗೆಯ ಪಂಪುಗಳನ್ನು ಕೆಡಿಸುವ ರಿಹರ್ಸಲ್ ಅಷ್ಟೇ. ಕಾಗದದ ಮೇಲೆ ಭಾರಿ ಬುದ್ಧಿವಂತಿಕೆ. ಆದರೆ ತವರದ ಬೆಲೆ ಏರಿದರೆ ನಮಗೇನು ಭಯ? ನಮ್ಮಮ್ಮ ಈರುಳ್ಳಿ ಬೆಲೆಗೆ ಹೆದರಿದಷ್ಟೂ ನಾನು ಹೆದರಲಿಲ್ಲ.

ಪುಟ್ಟಕ್ಕ:
ಬರೆಯಬೇಕೋ ಬೇಡವೋ ಅಂತ ಎರಡು ದಿನ ಯೋಚಿಸಿದೆ. ಆ ಪ್ರಿಂಟ್ ಕೊಟ್ಟವನು ಏನಾದ ಅಂತ ಕೇಳಿದರಲ್ಲ, ಅಂಥವರೊಬ್ಬರು ನಮ್ಮ ಮನೆಯಲ್ಲಿದ್ದಾರೆ.

ನಮ್ಮ ಸೋದರಮಾವ ರಿಟೈರ್ಡ್ ಹೈಸ್ಕೂಲ್ ಮೇಷ್ಟ್ರು. ಗಣಿತ. ಕಳೆದ ವರ್ಷ ಒಂದು ಬೆಳಗ್ಗೆ ಫೋನ್. ನಿಮ್ಮ ಹೆಸರಿನ ಪಾರ್ಸೆಲ್‌ನಲ್ಲಿ ಮಾದಕ ವಸ್ತು ಸಿಕ್ಕಿದೆ. ಆಮೇಲೆ ವಿಡಿಯೋ ಕಾಲ್. ಖಾಕಿ ಬಟ್ಟೆ, ಹಿಂದೆ ಗೋಡೆಯ ಮೇಲೆ ಲಾಂಛನ. ನಿಮ್ಮನ್ನು ಡಿಜಿಟಲ್ ಅರೆಸ್ಟ್ ಮಾಡಿದ್ದೇವೆ, ಕೋಣೆ ಬಾಗಿಲು ಹಾಕಿಕೊಳ್ಳಿ, ಯಾರಿಗೂ ಹೇಳಬೇಡಿ. ಹಾಗೊಂದು ಅರೆಸ್ಟ್ ನಮ್ಮ ಕಾನೂನಿನಲ್ಲೇ ಇಲ್ಲ ಅಂತ ಈಗ ಎಲ್ಲರಿಗೂ ಗೊತ್ತು. ಮಾವನಿಗೆ ಅವತ್ತು ಗೊತ್ತಿರಲಿಲ್ಲ.

ಮಧ್ಯಾಹ್ನ ಅತ್ತೆ ಊಟಕ್ಕೆ ಬಾಗಿಲು ಬಡಿದರು. ಆ ಕಡೆಯವನಿಗೆ ಕೇಳಿಸಿತು. "ಊಟ ಮಾಡಿ ಸಾರ್, ಫೋನ್ ಮಾತ್ರ ಆಫ್ ಮಾಡಬೇಡಿ" ಅಂದನಂತೆ. ಮಾವ ಫೋನನ್ನು ಉಪ್ಪಿನಕಾಯಿ ಜಾಡಿಗೆ ಒರಗಿಸಿ ಇಟ್ಟುಕೊಂಡು ಅನ್ನ ಸಾರು ತಿಂದರು. ಅತ್ತೆ ಎದುರಿಗೇ ಇದ್ದರು. ಏನೋ ಮೀಟಿಂಗ್ ಇರಬೇಕು ಅಂದುಕೊಂಡರು. ಅವನು ಸುಮ್ಮನೆ ನೋಡುತ್ತಾ ಕೂತಿದ್ದ.

ಬ್ಯಾಂಕಿಗೆ ಹೋದಾಗ ಕೌಂಟರಿನ ಹುಡುಗಿ ಕೇಳಿದಳಂತೆ, ಇಷ್ಟೊಂದು ದುಡ್ಡು ಯಾಕೆ ಸಾರ್ ಅಂತ. "ಮನೆ ರಿಪೇರಿ" ಅಂದರಂತೆ. ಹಾಗೆ ಹೇಳಬೇಕು ಅಂತ ಪಾಠ ಆಗಿತ್ತು. ನಾಲ್ಕು ಲಕ್ಷ ಹೋಯಿತು. ಮರುದಿನ ಸಂಜೆ ನಮಗೆ ಗೊತ್ತಾಗಿ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡಿದೆವು. ಅಷ್ಟರಲ್ಲಿ ದುಡ್ಡು ಎಷ್ಟೋ ಖಾತೆ ದಾಟಿತ್ತು. ಒಂದಷ್ಟು ತಡೆಹಿಡಿದಿದ್ದಾರೆ. ಬೇಗ ಮಾಡಿದಷ್ಟೂ ಜಾಸ್ತಿ ಉಳಿಯುತ್ತಿತ್ತು ಅಂದರು.

ದುಡ್ಡಿಗಿಂತ ಮಾವನಿಗೆ ಕಾಡುವುದು ಬೇರೆ. "ಅವನು ಒಂದು ಸಲಾನೂ ಏಕವಚನದಲ್ಲಿ ಮಾತಾಡಲಿಲ್ಲ ಕಣೇ" ಅನ್ನುತ್ತಾರೆ. ಈಗ ಯಾರಾದರೂ ಸಾರ್ ಅಂತ ಕರೆದರೆ ಸಾಕು, ಒಂದು ಕ್ಷಣ ತಡೆದು ಮುಖ ನೋಡುತ್ತಾರೆ. ಸಾವಿರಾರು ಮಕ್ಕಳ ಬಾಯಲ್ಲಿ ಸಾರ್ ಅನ್ನಿಸಿಕೊಂಡ ಮನುಷ್ಯ.

ಸರ್ಜಾಪುರ ಸಿಗ್ನಲ್:
ಕ್ಷಮಿಸಿ ಅಕ್ಕ. ತರಬೇತಿ ವಿಡಿಯೋ ಅಂತ ನಗೆಯಾಡಿದೆ. ಅಮ್ಮನ ಫೋನಿನಲ್ಲಿ 1930 ಸೇವ್ ಮಾಡಿದೆ ಈಗ.

ರಾತ್ರಿಪಾಳಿ:
ಅನ್ನ ಸಾರು ತಿನ್ನುವಾಗ ನೋಡುತ್ತಾ ಕೂತಿದ್ದ ಅನ್ನುವುದು ತಲೆಯಿಂದ ಹೋಗುತ್ತಿಲ್ಲ. ಪರದೆಯಲ್ಲಿ ಎಲ್ಲ ಮಾಮೂಲಿ, ಎದುರಿಗೆ ಕೂತ ಅತ್ತೆಗೂ ಮಾಮೂಲಿ.

ಜೋಳದರೊಟ್ಟಿ:
ಕೌಂಟರಿನ ಹುಡುಗಿ ಕೇಳಿದ್ದೇ ದೊಡ್ಡದು. ಎಷ್ಟೋ ಕಡೆ ಕೇಳುವುದೂ ಇಲ್ಲ. ಮಾವನವರಿಗೆ ನನ್ನ ನಮಸ್ಕಾರ ಹೇಳಿ.

ಕಾಫಿಪುಡಿ:
ಪುಟ್ಟಕ್ಕ, ಬರೆದದ್ದು ಒಳ್ಳೆಯದಾಯಿತು. ಸಿನಿಮಾ ನೋಡಿ ಅಂತ ಹೇಳಲು ಧೈರ್ಯ ಇಲ್ಲ. ನೋಡಿದರೂ ಬರೀ ಆ ಎರಡು ಜಾಗ ನೋಡಿ, ಉಳಿದದ್ದು ಓಡಿಸಿ.

ಪುಟ್ಟಕ್ಕ:
ಓಡಿಸಲು ಮಾವ ಬಿಡಲಿಲ್ಲ! ಭಾನುವಾರ ಮಧ್ಯಾಹ್ನ ನಾನು ಹಾಕಿದ್ದೆ, ತಾವೂ ಬಂದು ಕೂತರು. ಪಂಪು ಸಿಡಿದಾಗ ಎಚ್ಚರ ಇದ್ದರು. ಸೋಯಾ ಹೊತ್ತಿಗೆ ಕಣ್ಣು ಮುಚ್ಚಿತು. ಕಂಟೇನರ್‌ಗಳ ನಡುವೆ ಅಷ್ಟು ಗುಂಡು ಹಾರಿದರೂ ಗೊರಕೆ. ಮೂರನೇ ಸಾಲು ಅವರಿಗೆ ಬೇಜಾರಾಗಬಾರದು.

ಕಾಫಿ ಹೊತ್ತಿಗೆ ನಾನೇ ತಟ್ಟಿ ಎಬ್ಬಿಸಿದೆ. ಕನ್ನಡಕ ಹಾಕಿಕೊಂಡು ಪೂರ್ತಿ ನೋಡಿದರು. ಅವಳು ಪೆನ್ ಡ್ರೈವ್ ಕೊಟ್ಟಳು, ಅವನು ತಗೊಂಡ. "ಪಾಪ, ಕಾಗದ ಒದ್ದೆಯಾಗಿದೆ. ನಾನಾದರೂ ಹಾಕಿಕೊಡ್ತಿದ್ದೆ" ಅಂದರು. ಸ್ವಲ್ಪ ಹೊತ್ತು ಸುಮ್ಮನಿದ್ದರು. ಸಿನಿಮಾ ಎಲ್ಲೋ ಮುಂದೆ ಹೋಗಿತ್ತು. ಆಮೇಲೆ, "ಸ್ವಲ್ಪ ಹಿಂದಕ್ಕೆ ಹಾಕು. ಅವನ ಮುಖ ಇನ್ನೊಂದ್ಸಲ ನೋಡಬೇಕು" ಅಂದರು.